ಅವರೆಕಾಯಿ ಕಾಲದಲ್ಲಿ ಬಂದ ಮಿಷನರಿಗಳು

ಗೆಳೆಯರೇ, ಇವತ್ತು ಬೆಳಿಗ್ಗೆ ಮೂಡಲಪಾಳ್ಯದ ನಮ್ಮ ಮನೆಗೆ ಮಾರ್ಮನ್ ಎಂಬ ಕ್ರೈಸ್ತ ಪಂಥದ, ಅಮೆರಿಕದ ಇಬ್ಬರು ಮಿಷನರಿ ಹುಡುಗರು ಬಂದರು. ಬಿಳಿ ಅಂಗಿ, ಟೈ, ಇಪ್ಪತ್ತು ದಾಟದ ವಯಸ್ಸು. ಒಬ್ಬ ಕಷ್ಟಪಟ್ಟು ಕಲಿತ ಕನ್ನಡದಲ್ಲಿ, "ಅಮ್ಮ, ದೇವರ ಬಗ್ಗೆ ಮಾತಾಡಬಹುದಾ?" ಎಂದ.

"ಕೂತ್ಕೊಂಡು ಮಾತಾಡಪ್ಪ" ಎಂದು ಅಮ್ಮ ಕಾಫಿ ತಂದಳು. ಅವರ ಧರ್ಮದಲ್ಲಿ ಕಾಫಿ ಕುಡಿಯುವಂತಿಲ್ಲವಂತೆ.

"ಹಂಗಾದ್ರೆ ಕೈ ಖಾಲಿ ಇದೆಯಲ್ಲ" ಎಂದವಳೇ, ರಾತ್ರಿ ನೆನೆಸಿಟ್ಟಿದ್ದ ಅವರೆಕಾಳಿನ ಪಾತ್ರೆಯನ್ನು ಅವರ ಮುಂದಿಟ್ಟು, ಸಿಪ್ಪೆ ಹಿತಕುವುದನ್ನು ತೋರಿಸಿಕೊಟ್ಟಳು. ಒಂದು ಗಂಟೆ ಅವರು ದೇವರ ಬಗ್ಗೆ ಹೇಳುತ್ತಾ ಕಾಳು ಹಿತಕಿದರು. ಅಮ್ಮ ತಲೆದೂಗುತ್ತಾ, ಸಿಪ್ಪೆ ಬಿಡದ ಕಾಳುಗಳನ್ನು ಅವರ ಕಡೆಗೇ ವಾಪಸ್ ತಳ್ಳಿದಳು.

ಹೊರಡುವಾಗ ಅದೇ ಕನ್ನಡದ ಹುಡುಗ, "ಮತ್ತೆ ಬರಬಹುದಾ?" ಎಂದ.

"ಅವರೆಕಾಯಿ ಮುಗಿಯೋವರೆಗೂ ದಿನಾ ಬನ್ರಪ್ಪ."

ಅವನು ಫೋನಿನಲ್ಲಿ ಏನೋ ಬರೆದುಕೊಂಡ. ಇಣುಕಿ ನೋಡಿದೆ. ‘ತುಂಬಾ ಆಸಕ್ತಿ ಇರುವ ಕುಟುಂಬ’ ಎಂದಿತ್ತು.