ಅಕ್ಕೋರ ಕಿರುಬೆರಳು

ನಮ್ಮ ಪಿ.ಟಿ. ಅಕ್ಕೋರ ಬಲಗೈಯ ಕಿರುಬೆರಳು ನಡುಗೆಣ್ಣಿನ ಹತ್ತಿರ ಮುರಿದು ಹೊರಕ್ಕೆ ತಿರುಗಿಕೊಂಡಿತ್ತು. ಉಳಿದ ಬೆರಳುಗಳು ಒಂದು ಕಡೆ ನೋಡಿದರೆ ಅದು ಇನ್ನೊಂದು ಕಡೆ ನೋಡುತ್ತಿತ್ತು. ಸಾಲಾಗಿ ನಿಂತ ನಮ್ಮ ಕಡೆ ಅವರು ಕೈ ಚಾಚಿ "ನೀ ಬಾ" ಅಂದರೆ ಪ್ರತಿಸಲವೂ ಇಬ್ಬರು ಮುಂದೆ ಬರುತ್ತಿದ್ದೆವು. "ಒಬ್ಬಾಕಿನ್ನ ಕರದೇನಿ" ಎಂದು ಇಬ್ಬರಿಗೂ ಬೈಯುತ್ತಿದ್ದರು. ತಪ್ಪು ಅವರ ಬೆರಳಿನದು, ಬೈಗುಳ ನಮಗೆ. ಅವರ ಕೈಯಲ್ಲಿ ನಾನು ಕಬಡ್ಡಿ ಕಲಿತ ಎಂಟು ವರ್ಷವೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಕಳೆಯಿತು.

ಇಳಕಲ್ಲಿನ ನಮ್ಮ ಶಾಲೆಯಲ್ಲಿ ಅವರು ಆಟ ಕಲಿಸುತ್ತಿದ್ದರು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬೆಳಿಗ್ಗೆ ಆರಕ್ಕೇ ಮೈದಾನದಲ್ಲಿ ಇರುತ್ತಿದ್ದರು. ಕೊರಳಲ್ಲಿ ಸೀಟಿಯ ದಾರ ತಾಳಿಗೆ ಸುತ್ತಿಕೊಳ್ಳುತ್ತಿತ್ತು, ಸೀಟಿ ಊದಬೇಕಾದಾಗಲೆಲ್ಲ ಅದನ್ನು ಬಿಡಿಸುತ್ತ ನಿಲ್ಲುತ್ತಿದ್ದರು. ಅಷ್ಟರಲ್ಲಿ ಫೌಲ್ ಆಗಿ, ಮರೆತೂ ಹೋಗಿರುತ್ತಿತ್ತು. ದಾರ ಬದಲಿಸಿರಿ ಅಕ್ಕೋರ ಎಂದು ನಾವು ಹೇಳಿದ್ದು ಎಷ್ಟು ಸಲವೋ. ಬದಲಿಸಲಿಲ್ಲ. ಕಾಲೇಜು ಸೇರಿದ ಮೇಲೂ ನಾವು ಏಳೆಂಟು ಹುಡುಗಿಯರು ಅದೇ ಮೈದಾನಕ್ಕೆ, ಅದೇ ಬೈಗುಳಕ್ಕೆ ಬರುತ್ತಿದ್ದೆವು.

ನಾನು ಎತ್ತರದವಳು. ನಮ್ಮ ಮನೆಯ ಬಾಗಿಲಲ್ಲಿ ಅಪ್ಪ ತಲೆ ಎತ್ತಿ ನಡೆದರೆ ನಾನು ತಲೆ ಬಗ್ಗಿಸಿ ನಡೆಯಬೇಕಿತ್ತು. ಓಟ ಇತ್ತು, ಜಿಗಿತ ಇತ್ತು. ರೇಡಿಗೆ ಹೋದಾಗ ಕಾಲಿಗೆ ಬಿದ್ದವರ ಮೇಲಿಂದ ಹಾರಿ ನಡುಗೆರೆ ಮುಟ್ಟಿದರೆ ಹುನಗುಂದದಿಂದ ಪಂದ್ಯ ನೋಡಲು ಬಂದವರು ಎದ್ದು ನಿಂತು ಸಿಳ್ಳೆ ಹಾಕುತ್ತಿದ್ದರು. ಸಿಳ್ಳೆ ಹಾಕದವರು ಅಕ್ಕೋರು ಒಬ್ಬರೇ. ಅವರು ನೋಡುತ್ತಿದ್ದುದು ಎದುರಿನ ರೇಡರ್ ನಮ್ಮ ಅಂಕಣಕ್ಕೆ ಬಂದಾಗ ನಾನು ಏನು ಮಾಡುತ್ತೇನೆ ಎಂಬುದನ್ನು. ನಾನು ಹಿಂದೆ ಸರಿಯುತ್ತಿದ್ದೆ. ಹಿಡಿಯಲು ಹೋದರೆ ಮೊಣಕಾಲು ಕಿತ್ತುಹೋಗುತ್ತದೆ, ಮೇಲೆ ನಾಲ್ಕು ಜನ ಬೀಳುತ್ತಾರೆ, ಚಪ್ಪಾಳೆ ಯಾರಿಗೆಂದು ಯಾರಿಗೂ ಗೊತ್ತಾಗುವುದಿಲ್ಲ. ಆ ಕೆಲಸಕ್ಕೆ ಬೇರೆಯವರು ಇದ್ದಾರಲ್ಲ ಎಂಬುದು ನನ್ನ ಧೋರಣೆ.

ಅಕ್ಕೋರಿಗೆ ಇನ್ನೊಂದು ಚಟವಿತ್ತು. ಕಬಡ್ಡಿಯಲ್ಲಿ ಔಟಾದವರು ಅಂಕಣದ ಹಿಂದೆ ಸಾಲಾಗಿ ಕೂತು, ಮತ್ತೆ ಒಳಗೆ ಹೋಗುವ ಸರದಿ ಕಾಯಬೇಕು. ಪಂದ್ಯ ಮುಗಿದ ಮೇಲೆ ಬೇರೆ ಕೋಚುಗಳು ಎಷ್ಟು ಪಾಯಿಂಟ್ ತಂದೆ ಎಂದು ಕೇಳುತ್ತಾರೆ. ಇವರು ಕೇಳುತ್ತಿದ್ದುದು ಒಂದೇ ಮಾತು: "ಹೊರಗ ಕುಂತಾಗ ಏನಾತು, ಹೇಳು." ಯಾರ ಉಸಿರು ಸೋತಿತ್ತು, ಯಾವ ರೇಡರ್ ಯಾವ ಕಾಲಿನ ಮೇಲೆ ತಿರುಗುತ್ತಾಳೆ, ಎಲ್ಲ ವರದಿ ಬೇಕು. ಒಮ್ಮೆ ರೇಗಿ, ನೀರು ಕುಡಿದೆನ್ರಿ ಎಂದುಬಿಟ್ಟೆ. ಮುಂದಿನ ಎರಡು ಪಂದ್ಯ ನನ್ನನ್ನು ಆಡಿಸದೆ ಹೊರಗೇ ಕೂರಿಸಿದರು. ಎರಡರಲ್ಲೂ ನಮ್ಮ ತಂಡ ಸೋತಿತು. ಅದರ ಬಗ್ಗೆ ಅವರಿಗೆ ಚೂರೂ ಬೇಸರವಾದಂತೆ ಕಾಣಲಿಲ್ಲ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಹೆಣ್ಣುಮಕ್ಕಳ ಕಬಡ್ಡಿ ಲೀಗ್ ಒಂದು ಶುರುವಾಯಿತು. ಒಂದು ದಿನ ಎಲ್ಲ ತಂಡದವರು ಕೂತು, ಸರದಿಯ ಮೇಲೆ ಒಬ್ಬೊಬ್ಬ ಆಟಗಾರ್ತಿಯನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಅದಕ್ಕೆ ಮೊದಲು ಊರೂರಿಗೆ ಜನ ಕಳಿಸಿ ಯಾರು ಹೇಗೆಂದು ತೂಗಿ ನೋಡುತ್ತಾರೆ. ಬಾಗಲಕೋಟೆಗೆ ಬಂದವರು ಟೊಪ್ಪಿಗೆ ಹಾಕಿದ ಒಬ್ಬ ಸಾಹೇಬರು. ಅವರ ತಂಡಕ್ಕೆ ರೇಡಿಗೂ ಹೋಗುವ, ಹಿಡಿತಕ್ಕೂ ನಿಲ್ಲುವ ಎತ್ತರದ ಹುಡುಗಿ ಬೇಕಿತ್ತು. ನನ್ನ ಹೆಸರು ಬಂದರೆ ಆಟವೇ ನನ್ನ ಬದುಕು. ಬರದಿದ್ದರೆ ಬಿ.ಎಡ್. ಅರ್ಜಿ ಭರ್ತಿಯಾಗಿ ಮನೆಯ ಕಪಾಟಿನಲ್ಲಿತ್ತು.

ಸಾಹೇಬರ ಮುಂದೆ ಪಂದ್ಯ ನಡೆದ ಆ ದಿನ ನಾನು ಆಡಿದಂತೆ ಮೊದಲೆಂದೂ ಆಡಿರಲಿಲ್ಲ. ಒಂದೇ ರೇಡಿನಲ್ಲಿ ಮೂವರನ್ನು ಮುಟ್ಟಿ, ನಾಲ್ಕನೆಯವಳನ್ನು ಹಾರಿ ಬಂದೆ. ಸಾಹೇಬರು ನಗುನಗುತ್ತ ಅಕ್ಕೋರ ಹತ್ತಿರ ಹೋದರು. ನಾನು ಪಕ್ಕದಲ್ಲೇ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿ ಕೂತೆ. ಹುಡುಗಿ ಹೆಂಗೆ ಎಂದು ಅವರು ಕೇಳಿದ್ದೇ ತಡ, ಅಕ್ಕೋರು ಬಲಗೈ ಎತ್ತಿ ಬೆರಳು ಎಣಿಸತೊಡಗಿದರು.

"ಎತ್ತರ ಐತಿ. ಓಟ ಐತಿ. ಜಿಗಿತ ಐತಿ. ದಮ್ಮ ಐತಿ." ನಾಲ್ಕು ಬೆರಳು ಮುಗಿದು ಕಿರುಬೆರಳಿಗೆ ಬಂದರು. "ಹಿಡಿಯೂದು ಅಂದ್ರ ಬ್ಯಾಸರ ಆಕೀಗೆ. ಈ ವರ್ಷ ಬ್ಯಾಡ್ರಿ."

ಡ್ರಾಫ್ಟ್ ದಿನ ಅಪ್ಪ, ಅವ್ವ, ನಾನು ಮೊಬೈಲ್ ಮುಂದೆ ಇಟ್ಟುಕೊಂಡು ಕೂತೆವು. ಸರದಿಗಳೆಲ್ಲ ಮುಗಿದವು. ನನ್ನ ಹೆಸರು ಯಾರೂ ಕರೆಯಲಿಲ್ಲ.

ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಹೆರವರು ಕಾಲೆಳೆದರೆ ಹೋಗಲಿ, ಕಲಿಸಿದವರೇ ಎಳೆದರೆ? ನನಗಿಂತ ಅವ್ವನಿಗೆ ಹೆಚ್ಚು ಸಿಟ್ಟು. ಮಗ್ಗ ನಿಲ್ಲಿಸಿ ಎದ್ದವಳು, ಇವತ್ತು ಆಕೀನ ಕೇಳೇ ಬರ್ತೇನಿ ಎಂದು ಹೋದಳು. ಎರಡು ತಾಸಿನ ಮೇಲೆ ಕೈಯಲ್ಲಿ ಒಂದು ಚೀಲ ಚಿಕ್ಕು ಹಿಡಿದು ಬಂದಳು. ಅಕ್ಕೋರ ತವರುಮನೆ ಕಲಾದಗಿ, ಅಲ್ಲಿಯ ಗಿಡದವಂತೆ, ಭಾಳ ಸಿಹಿಯಂತೆ. ಜಗಳ ಏನಾಯಿತೆಂದು ಕೇಳಿದೆ. ಇನ್ನೊಂದು ವರ್ಷ ಆಕೆಯ ಕೈಯಾಗ ಬಿಡೂಣು, ಅರ್ಜಿ ಎಲ್ಲಿ ಓಡಿ ಹೋಗತೈತಿ ಎಂದಳು. ಹೋಗುವಾಗ ನನ್ನ ಕಡೆಗಿದ್ದವಳು ಬರುವಾಗ ಅವರ ಕಡೆಗಾಗಿದ್ದಳು.

ಆ ವರ್ಷ ಅಕ್ಕೋರು ನನ್ನನ್ನು ಎಡ ಕಾರ್ನರಿನಲ್ಲಿ, ಬಂದ ರೇಡರಿನ ಕಾಲು ಹಿಡಿಯುವವರ ಜಾಗದಲ್ಲಿ ನಿಲ್ಲಿಸಿದರು. ರೇಡಿಗೆ ಬಿಡಲೇ ಇಲ್ಲ. ಬಾಗಲಕೋಟೆಯಲ್ಲಿ ಮೆತ್ತನೆಯ ಮ್ಯಾಟ್ ಇದ್ದರೂ ಇವರಿಗೆ ಮಣ್ಣೇ ಬೇಕು, ಆ ಮಣ್ಣಿಗೆ ನೀರು ಹೊಡೆಯುವವಳೂ ನಾನೇ ಆಗಬೇಕು. ಪಾದದ ಗಂಟು ಹಿಡಿ, ಮೇಲೆ ನೋಡಬ್ಯಾಡ, ಉಳಿದವರು ಬರೂತನಕ ಬಿಡಬ್ಯಾಡ. ದಿನಕ್ಕೆ ನೂರು ಸಲ ಇದೇ. ಸಿಟ್ಟಿನಿಂದ ಹಿಡಿದೆ. ಅಕ್ಕೋರ ಕಾಲೇ ಎಂದುಕೊಂಡು ಹಿಡಿದೆ. ಸುಳ್ಳೇಕೆ ಹೇಳಲಿ, ಹಾಗೆ ಅಂದುಕೊಂಡಾಗ ಹಿಡಿತ ಬಹಳ ಬಿಗಿಯಾಗಿ ಬರುತ್ತಿತ್ತು.

ಮರುವರ್ಷ ಅದೇ ಸಾಹೇಬರು ಮತ್ತೆ ಬಾಗಲಕೋಟೆಗೆ ಬಂದರು. ಅಷ್ಟರಲ್ಲಿ ಅಕ್ಕೋರು ಕಿಡ್ನಿ ಕೆಟ್ಟು, ಅದೇ ಊರಿನ ದವಾಖಾನೆಯಲ್ಲಿ ಮಲಗಿದ್ದರು. ಪಂದ್ಯದ ನಡುವೆ ನಾನು ಔಟಾಗಿ ಹೊರಗೆ ಕೂತೆ. ಮನಸ್ಸಿಲ್ಲದಿದ್ದರೂ ರೂಢಿ ಬಿಡಬೇಕಲ್ಲ, ನೋಡಿದೆ. ಎದುರು ತಂಡದ ದೊಡ್ಡ ರೇಡರ್ ತಿರುಗುವ ಮುಂಚೆ ಬಲಗಾಲನ್ನು ಒಂದು ಗಳಿಗೆ ನೆಲಕ್ಕೆ ಊರಿ ನಿಲ್ಲಿಸುತ್ತಿದ್ದಳು. ಕೊನೆಯ ರೇಡಿಗೆ ಅವಳು ಬಂದಾಗ ನಾನು ಮತ್ತೆ ಒಳಗಿದ್ದೆ, ನಮಗೆ ಒಂದೇ ಪಾಯಿಂಟಿನ ಮುನ್ನಡೆ. ಆ ಕಾಲು ಎಲ್ಲಿ ಊರುತ್ತದೆಂದು ನನಗೆ ಗೊತ್ತಿತ್ತು. ಬಿದ್ದು ಹಿಡಿದೆ. ಅವಳು ಕಾಲು ಜಾಡಿಸಿದ ರಭಸಕ್ಕೆ ನನ್ನ ಕಿರುಬೆರಳು ಲಟ್ಟೆಂದಿತು. ಮೂವರು ಬಂದು ಮೇಲೆ ಬೀಳುವ ತನಕ ಹಿಡಿದೇ ಇದ್ದೆ.

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಸೀದಾ ದವಾಖಾನೆಗೆ ಹೋದೆ. ಅಕ್ಕೋರ ಮುಖ ಊದಿತ್ತು. ಗೆದ್ದಿರೋ ಸೋತಿರೋ ಎಂದು ಕೇಳಲಿಲ್ಲ.

"ಹೊರಗ ಕುಂತಾಗ ಏನಾತು?"

ಬಲಗಾಲಿನ ಸಂಗತಿ ಹೇಳಿದೆ. ಅವರು ನನ್ನ ಪಟ್ಟಿ ನೋಡಿದರು.

"ಕಾಲ ಬಿಟ್ಟಿ ಏನು?"

"ಇಲ್ರಿ ಅಕ್ಕೋರ."

ಚಲೋ ಆಡಿದೆ ಎನ್ನಲಿಲ್ಲ. ಬೆರಳಿಗೆ ಬರ್ಫ ಇಟ್ಟರೋ ಇಲ್ಲವೋ ಎಂದು ಕೇಳಿ, ಪಟ್ಟಿ ಕಟ್ಟಿದವರಿಗೆ ಕೆಲಸ ಬರೋದಿಲ್ಲ ಎಂದು ಬೈದರು. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಸಾಹೇಬರದೇ. ಎಡಗೈಯಲ್ಲಿ ಫೋನ್ ಹಿಡಿದು, ಆ ಕಡೆಯವರಿಗೆ ಕಾಣುವುದಿಲ್ಲವೆಂಬ ಖಬರಿಲ್ಲದೆ ಬಲಗೈ ಎತ್ತಿ ಎಣಿಸಿದರು. ನಾಲ್ಕು ಬೆರಳನ್ನು, ಅವು ಹೋದ ವರ್ಷನೂ ಇದ್ವು ಎಂದು ಒಟ್ಟಿಗೇ ಮಡಚಿದರು. ಸೊಟ್ಟ ಬೆರಳೊಂದೇ ಉಳಿಯಿತು.

"ಹಿಡೀತಾಳ. ತಗೋರಿ."

ಡ್ರಾಫ್ಟಿಗೆ ಇನ್ನೂ ಒಂದು ವಾರವಿದ್ದಾಗ ಅಕ್ಕೋರು ತೀರಿಕೊಂಡರು. ನಾಲ್ಕನೆಯ ಸರದಿಯಲ್ಲಿ ನನ್ನ ಹೆಸರು ಕರೆದಾಗ ಅವ್ವ ಅತ್ತಳು, ಅಪ್ಪ ಪೇಢೆ ತರಲು ಓಡಿದ. ನಾನು ಅಕ್ಕೋರಿಗೆ ಹೇಳಬೇಕೆಂದು ಫೋನ್ ಎತ್ತಿಕೊಂಡೆ, ಅವರ ಹೆಸರನ್ನೂ ಹುಡುಕಿ ತೆಗೆದೆ. ಆಮೇಲೆ ಕೆಳಗಿಟ್ಟೆ.

ಮೂರು ವರ್ಷ ಎಡ ಕಾರ್ನರಿನಲ್ಲಿ ಆಡಿದೆ. ಈಗ ನಮ್ಮ ಶಾಲೆಯ ಆ ಮೈದಾನದಲ್ಲಿ ನಾನೇ ಕಲಿಸುತ್ತೇನೆ. ಅವರು ನುಂಗಿದ ಆ ಒಂದು ವರ್ಷಕ್ಕೆ ನನಗೆ ಇಂದಿಗೂ ಸಿಟ್ಟಿದೆ. ಹಿಡಿತದ ಆ ಮಾತನ್ನೇ ನನಗೆ ಮೊದಲು ಹೇಳಿ, ಆಮೇಲೆ ಸಾಹೇಬರಿಗೆ ಹೇಳಬಹುದಿತ್ತಲ್ಲ ಎಂದು ಈಗಲೂ ಮನಸ್ಸಿನಲ್ಲೇ ಅವರೊಡನೆ ಜಗಳವಾಡುತ್ತೇನೆ. ನಾನು ತಿನ್ನುವ ಅನ್ನ ಅವರದೆಂಬುದೂ ಅಷ್ಟೇ ಖರೆ. ಅದನ್ನು ಅವರಿದ್ದಾಗ ಒಮ್ಮೆಯೂ ಹೇಳಲಿಲ್ಲ.

ಬೆರಳು ನೆಟ್ಟಗಾಗಲಿಲ್ಲ. ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು ಡಾಕ್ಟರು, ನಾನು ಮಾಡಿಸಿಕೊಳ್ಳಲಿಲ್ಲ. ನಿನ್ನೆ ಬೆಳಿಗ್ಗೆ ಸಾಲಿನಲ್ಲಿದ್ದ ಒಂದು ಹುಡುಗಿಯ ಕಡೆ ಕೈ ಚಾಚಿ ಬಾ ಎಂದೆ. ಇಬ್ಬರು ಬಂದರು. ಒಬ್ಬಾಕಿನ್ನ ಕರದೇನಿ ಎಂದು ಇಬ್ಬರಿಗೂ ಬೈದೆ.