ಅಜ್ಜಿಗೆ ಎರಡು ಸಲ ಕೊಟ್ಟ ರೊಟ್ಟಿ

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಮ್ಮ ಚರ್ಚಿನ ಸಭೆಯವರೆಲ್ಲ ಅವರಿಗಾಗಿ ಪ್ರಾರ್ಥಿಸಿದ್ದರು. ಗುಣವಾಗಿಯೇ ಆಗುತ್ತಾರೆಂದು ನಾನು ನಂಬಿದ್ದೆ. ಅವರು ಮನೆಗೆ ಬರಲಿಲ್ಲ. ಅಂದಿನಿಂದ ‘ಆಮೆನ್’ ನನ್ನ ಬಾಯಿಂದ ಮಾತ್ರ ಬರುತ್ತಿತ್ತು, ಮನಸ್ಸಿನಿಂದಲ್ಲ.

ಎಲ್ಲಕ್ಕೂ ಗುರುತು ಹಾಕುವುದು ನನ್ನ ಅಭ್ಯಾಸ. ನಂಬಿ ಪ್ರಾರ್ಥಿಸಿದ ದಿನಕ್ಕೆ ದಿನಚರಿಯಲ್ಲಿ ಸರಿ ಗುರುತು, ಬರೀ ತುಟಿ ಅಲ್ಲಾಡಿಸಿದ ದಿನಕ್ಕೆ ತಪ್ಪು ಗುರುತು. ಒಂದು ತಿಂಗಳು ಪೂರ್ತಿ ಸರಿ ಬಿದ್ದ ಮೇಲೆಯೇ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ. ಅಯೋಗ್ಯರಾಗಿ ಅದನ್ನು ತಿನ್ನಬಾರದೆಂದು ನಮಗೆ ಕಲಿಸಿದ್ದರು. ಈಸ್ಟರ್ ಹೋಯಿತು, ಕ್ರಿಸ್‌ಮಸ್ ಹೋಯಿತು. ಬೆಂಚಿನವರೆಲ್ಲ ಎದ್ದು ಮುಂದೆ ಹೋಗುವಾಗ ನಾನು ಮೊಣಕಾಲು ಓರೆ ಮಾಡಿ ದಾರಿ ಬಿಡುತ್ತಿದ್ದೆ. ಅಮ್ಮ ಏನೂ ಕೇಳುತ್ತಿರಲಿಲ್ಲ.

ಎಂಬತ್ತೊಂದರ ಜೂನ್, ಬುಧವಾರ ಮಧ್ಯಾಹ್ನ. ಹಾಸಿಗೆ ಹಿಡಿದಿದ್ದ ಅಜ್ಜಿಗೆ ಪ್ರಭುಭೋಜನ ಕೊಡಲು ನಮ್ಮ ಸಭೆಯ ಪಾದ್ರಿ ಅಯ್ಯನವರು ಹೆಬ್ಬಾಳದಿಂದ ಯಶವಂತಪುರದ ನಮ್ಮ ಮನೆಗೆ ಸೈಕಲ್ ತುಳಿದುಕೊಂಡು ಬಂದರು. ಅಜ್ಜಿಗೆ ನೆನಪು ಹೋಗಿತ್ತು. ಮಗ ತೀರಿಹೋದದ್ದೂ ಕೆಲವು ದಿನ ತಿಳಿಯುತ್ತಿರಲಿಲ್ಲ. ಅಯ್ಯನವರು ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಪ್ರಾರ್ಥಿಸಿ, ರೊಟ್ಟಿ ಮುರಿದು ಅಜ್ಜಿಗೆ ಕೊಟ್ಟರು. ಆಮೇಲೆ ಅಮ್ಮನಿಗೆ. ನಾನು ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಅಜ್ಜಿ ತಟ್ಟನೆ ತಲೆ ಎತ್ತಿದರು. “ಏನ್ ಅಯ್ಯನವ್ರೇ, ಸೊಸೆಗೆ ಕೊಟ್ರಿ, ನಂಗೆ ಇಲ್ವಾ? ಮುದುಕಿ ಅಂತ ತಾತ್ಸಾರಾನಾ?”

“ಅತ್ತೆ, ಈಗ್ತಾನೆ ತಗೊಂಡ್ರಲ್ಲ!” ಅಮ್ಮನ ಮುಖ ಕೆಂಪಾಯಿತು.

“ಸುಳ್ಳು ಹೇಳ್ಬೇಡ ಕಣೇ. ತಗೊಂಡಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?”

“ಇರ್ಲಿ ಬಿಡಮ್ಮಾ,” ಎಂದರು ಅಯ್ಯನವರು. ಮತ್ತೊಂದು ಚೂರು ಮುರಿದು, ಅದೇ ಮಾತುಗಳನ್ನು ಅಷ್ಟೇ ನಿಧಾನವಾಗಿ ಹೇಳಿ, ಅಜ್ಜಿಯ ಅಂಗೈಯಲ್ಲಿಟ್ಟರು. ಅಜ್ಜಿ ಕಣ್ಣು ಮುಚ್ಚಿ ತಿಂದರು.

ನನಗೆ ತಡೆಯಲಾಗಲಿಲ್ಲ. “ಹಾಗೆ ಎರಡು ಸಲ ಕೊಡಬಹುದಾ ಅಯ್ಯನವರೇ?”

“ಕೇಳಿದವ್ರಿಗೆ ಇಲ್ಲ ಅನ್ನೋಕೆ ಇದು ನಂದಲ್ವಲ್ಲಮ್ಮ.” ನನ್ನ ಕಡೆ ತಿರುಗಿದರು. “ನೀನ್ಯಾಕೆ ಇಷ್ಟು ದಿನದಿಂದ ತಗೊಳ್ತಿಲ್ಲ?”

ಅಮ್ಮ ನೆಲ ನೋಡುತ್ತಿದ್ದರು. ಅವರೆದುರೇ ಹೇಳಿಬಿಟ್ಟೆ. “ಅಪ್ಪ ಹೋದಮೇಲೆ ಪ್ರಾರ್ಥನೆ ಮಾಡಿದ್ರೆ ಆ ಕಡೆ ಯಾರೂ ಇಲ್ಲ ಅನ್ಸುತ್ತೆ. ನಂಬಿಕೆ ಸರಿಹೋದ್ಮೇಲೆ ತಗೊಳ್ತೀನಿ.”

ಬೈಯುತ್ತಾರೆಂದುಕೊಂಡಿದ್ದೆ. ಅವರು ಬಟ್ಟೆಯ ಮೇಲಿದ್ದ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತಾ ಹೇಳಿದರು: “ನಿಮ್ಮಪ್ಪನ್ನ ಮಣ್ಣು ಮಾಡಿ ಬಂದ ಆ ಭಾನುವಾರ ನಂಗೂ ಹಂಗೇ ಅನ್ನಿಸ್ತು. ರೊಟ್ಟಿ ಮುರಿದು ಎಲ್ರಿಗೂ ಕೊಟ್ಟೆ. ಕಡೇಗೆ ನಾನೂ ತಿಂದೆ. ಇನ್ನೆಲ್ಲಿಗೆ ಹೋಗ್ಲಿ ಹೇಳು?”

ಅಪ್ಪನ ಗೆಳೆಯರಾಗಿದ್ದವರು ಅವರು. ಅವರಿಗೂ ಹಾಗಾಗಿರಬಹುದೆಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಲೋಟ ಕೆಳಗಿಟ್ಟು ಮಂಚದ ಪಕ್ಕ ಮೊಣಕಾಲೂರಿದೆ. ನಂಬಿಕೆ ಆಗ ಬಂದಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಹಸಿವಾಗಿತ್ತು, ಅಷ್ಟೇ. ಅಯ್ಯನವರು ಕೊಟ್ಟ ರೊಟ್ಟಿಯ ಚೂರು ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ನುಂಗಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅಮ್ಮನ ಕೈ ನನ್ನ ಬೆನ್ನ ಮೇಲೆಯೇ ಇತ್ತು.