ಬುಗುಡಿ ಕೊಟ್ಟು ಕೊಂಡ ಕೂಗು

೧೯೬೩ನೇ ಇಸವಿ, ನನಗೆ ಮದುವೆ ಗೊತ್ತಾದ ವರ್ಷ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ನಮ್ಮ ಕಡೆಯಿಂದ ಹೊನ್ನಾವರ, ಕುಮಟೆಗೆ ಹೋಗುವವರು ಬಸ್ಸಿಳಿದು ಲಾಂಚಿನಲ್ಲಿ ಹೊಳೆ ದಾಟಬೇಕಿತ್ತು. ಶಿರಾಲಿ, ಭಟ್ಕಳ ಬಿಟ್ಟು ಬೇರೆ ಊರು ಕಾಣದ ನನಗೆ ಕುಮಟೆಗೆ ಹೋಗುವುದೆಂದರೆ ವಿಲಾಯಿತಿಗೆ ಹೊರಟಷ್ಟು ಸಂಭ್ರಮ! ಹೋಗುತ್ತಿದ್ದ ಕಾರಣ ಮಾತ್ರ ಸಂಭ್ರಮದ್ದಲ್ಲ.

ನನ್ನ ಎಡಗೈ ಮೇಲೆ, ಮೊಣಕೈಗಿಂತ ತುಸು ಕೆಳಗೆ, ಪಾವಲಿ ನಾಣ್ಯದಷ್ಟು ಅಗಲದ ಬಿಳಿಚಿದ ಕಲೆಯೊಂದು ಎದ್ದಿತ್ತು. ತುರಿಕೆಯಿಲ್ಲ, ಉರಿಯಿಲ್ಲ. ಅದೇ ನಮ್ಮ ಆಯಿಯ, ಅಂದರೆ ಅಮ್ಮನ, ನಿದ್ದೆ ಕೆಡಿಸಿದ್ದು. ತುರಿಸದ ಕಲೆ ಎಂದರೆ 'ದೊಡ್ಡ ರೋಗ'ದ ಮೊದಲ ಗುರುತು, ಆ ಜಾಗದಲ್ಲಿ ಚುಚ್ಚಿದರೂ ಗೊತ್ತಾಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಕುಷ್ಠ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮಿರ್ಜಾನದ ಗಂಡಿನವರು ನನ್ನನ್ನು ನೋಡಲು ಬಂದಾಗ ಆಯಿ ಉದ್ದ ತೋಳಿನ ರವಿಕೆ ಹೊಲಿಸಿ ತೊಡಿಸಿದ್ದಳು. ಅಪ್ಪಿತಪ್ಪಿಯೂ ಮೇಲೆ ಸರಿಯಬಾರದೆಂದು ತೋಳು ಎಷ್ಟು ಬಿಗಿ ಎಂದರೆ, ಚಹಾದ ತಟ್ಟೆ ಹಿಡಿಯುವಾಗ ಕೈ ಜುಮುಗುಟ್ಟಿತ್ತು. ಅವರು ಒಪ್ಪಿದರು. ಒಪ್ಪಿದ ಮೇಲೆ ಆಯಿಯ ಭಯ ಇಮ್ಮಡಿಯಾಯಿತು. ಕೊಟ್ಟ ಮೇಲೆ ಗೊತ್ತಾಗಿ ಮಗಳನ್ನು ವಾಪಸು ಕಳಿಸಿದರೆ?

ಸರ್ಕಾರಿ ದವಾಖಾನೆಯಲ್ಲಿ ತೋರಿಸಿದರೆ ಪುಕ್ಕಟೆ. ಆದರೆ ಅಲ್ಲಿನ ಬೆಂಚಿನ ಮೇಲೆ ಕುಳಿತರೆ ಸಂಜೆಯೊಳಗೆ ಊರಿಗೆಲ್ಲ ಡಂಗುರ. ಕುಮಟೆಗೆ ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಚರ್ಮದ ಡಾಕ್ಟರೊಬ್ಬರು ಬರುತ್ತಾರೆ, ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡು ನೋಡುತ್ತಾರೆ ಎಂದು ಯಾರೋ ಹೇಳಿದರು. ಬರೀ ನೋಡುವುದಕ್ಕೇ ಹದಿನೈದು ರೂಪಾಯಿ, ಔಷಧ ಬೇರೆ! ಅಪ್ಪ ಇಲ್ಲದ ಮನೆ ನಮ್ಮದು. ಆಯಿ ಮಲ್ಲಿಗೆ ಕಟ್ಟಿ ಮಾರಿ ಸಂಸಾರ ತೂಗಿಸುತ್ತಿದ್ದಳು. ಒಂದು ದಿನ ಪೇಟೆಯಿಂದ ಬಂದಾಗ ಅವಳ ಕಿವಿಯ ಮೇಲಂಚಿನಲ್ಲಿ ಸದಾ ಇರುತ್ತಿದ್ದ ಬುಗುಡಿಗಳು ಇರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು.

"ಎಂತಕ್ಕೆ ಮಾರಿದೆ ಆಯಿ?" ಎಂದು ನಾನು ಅತ್ತುಬಿಟ್ಟೆ.

"ನಾವು ದುಡ್ಡು ಕೊಡೂದು ಔಷಧಕ್ಕಲ್ಲ ನಾಗೂ, ಆ ಬಾಗಿಲಿಗೆ" ಎಂದಳು.

ಲಾಂಚಿನಲ್ಲಿ ಗಾಳಿಗೆ ಸೀರೆ ಪಟಪಟ ಹಾರುವಾಗ ನಾನು ಕಲೆಯನ್ನೇ ಮರೆತಿದ್ದೆ. ಕುಮಟೆ ಪೇಟೆಯಲ್ಲಿ ಕೇಳುತ್ತ ಕೇಳುತ್ತ ಒಂದು ಅಂಗಡಿಯ ಮಾಳಿಗೆ ಹತ್ತಿದೆವು. ಕಂಪೌಂಡರ್ ದುಡ್ಡು ಎಣಿಸಿಕೊಂಡು ಕೂರಲು ಹೇಳಿದ. ನೋಡಿದರೆ ಡಾಕ್ಟರರ ಕೋಣೆಗೆ ಬಾಗಿಲೇ ಇಲ್ಲ! ಹೂವಿನ ಚಿತ್ರದ ಒಂದು ತೆಳು ಪರದೆ, ಅಷ್ಟೆ. ಅದರ ಎದುರಿನ ಬೆಂಚಿನ ಮೇಲೆ ಕುಳಿತವರು ಯಾರು ಅಂದಿರಿ? ಮಿರ್ಜಾನದ ಮಾದೇವಿಯಮ್ಮ, ನನಗೆ ಅತ್ತೆಯಾಗಬೇಕಾದವರು!

"ನೀವು ಎಂತಕ್ಕೆ ಬಂದದ್ದು?" ಎಂದು ಇಬ್ಬರು ತಾಯಂದಿರೂ ಒಟ್ಟಿಗೇ ಕೇಳಿದರು.

"ಸೀರೆ ತಗಳೂಕೆ ಬಂದದ್ದು. ಬಿಸಿಲು ಅಂತ ಸ್ವಲ್ಪ ನೆರಳಿಗೆ ಕೂತ್ಕಂಬ ಅಂತ" ಎಂದಳು ಆಯಿ.

"ನಾನೂ ಹಾಂಗೇಯ. ನೆರಳಿಗೆ" ಎಂದರು ಮಾದೇವಿಯಮ್ಮ. ಪೇಟೆಯ ನೆರಳನ್ನೆಲ್ಲ ಬಿಟ್ಟು ನೆರಳಿಗೆಂದು ಮಾಳಿಗೆ ಹತ್ತಿ ಬಂದವರು ಇಬ್ಬರೂ! ಆಯಿ ಬುಟ್ಟಿಯಿಂದ ಮಲ್ಲಿಗೆ ದಂಡೆ ತೆಗೆದು ಅವರಿಗೆ ಕೊಟ್ಟಳು. ಅವರು ಮುಡಿದುಕೊಳ್ಳುವಷ್ಟರಲ್ಲಿ ಕಂಪೌಂಡರ್ "ಶಿರಾಲಿ ಪೇಷಂಟ್, ಬರ್ರಿ" ಎಂದು ಕೂಗಿದ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಒಳಗೆ ಡಾಕ್ಟರರು ಕನ್ನಡಕ ಏರಿಸಿ, "ಏನವ್ವಾ, ಏನ್ ತ್ರಾಸು?" ಎಂದರು.

ಆಯಿ ಪರದೆಯ ಕಡೆ ನೋಡಿದಳು. ಆಮೇಲೆ ಹೊರಗೂ ಕೇಳಿಸುವ ಹಾಗೆ, "ಎಂತ ತ್ರಾಸೂ ಇಲ್ಲ ಡಾಕ್ಟರೇ. ಹುಡುಗಿ ಗಟ್ಟಿಮುಟ್ಟಾಗಿ ಉಂಟು. ಅಡುಗೆ ಮಾಡ್ತದೆ, ಹಾಡು ಹೇಳ್ತದೆ, ರಂಗೋಲಿ ಹಾಕ್ತದೆ" ಎಂದಳು.

"ನನಗೇನು ಹೆಣ್ಣು ತೋರಸಾಕ ಬಂದೀರೇನವ್ವಾ?" ಎಂದರು ಡಾಕ್ಟರರು. ಆಯಿ ಮತ್ತೆ ಪರದೆಯ ಕಡೆಗೇ ನೋಡಿದಳು. ಅವರು ಬೇಸತ್ತು ಮುಂದಿನವರನ್ನು ಕರೆಯಲು ಮೇಜಿನ ಗಂಟೆಗೆ ಕೈ ಹಾಕಿದರು.

ಆಯಿಯ ಸೆರಗು ಜಾರಿತ್ತು. ಬುಗುಡಿ ಇಲ್ಲದ ಕಿವಿಯ ತೂತು ನನ್ನ ಕಣ್ಣಿಗೆ ಬಿತ್ತು. ಎಲ್ಲಿಂದ ಧೈರ್ಯ ಬಂತೋ, "ನನ್ನ ಕೈ ನೋಡಿ!" ಎಂದು ಮುಂದೆ ಚಾಚಿದೆ. ಅದೇ ಬಿಗಿ ರವಿಕೆಯ ಹಾಳಾದ ತೋಳು ಮೇಲೇರಬೇಕಲ್ಲ! ಎಳೆದೆ, ಜಗ್ಗಿದೆ, ಕೊನೆಗೆ ಹೊಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಪರ್‍ರನೆ ಹರಿದುಬಿಟ್ಟೆ. ಆಯಿ ಕಣ್ಣು ಮುಚ್ಚಿಕೊಂಡಳು.

ಡಾಕ್ಟರರು ಕಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕಣ್ಣು ಮುಚ್ಚು ತಂಗಿ. ಏನರ ತಾಗಿದ್ರ ಹೇಳು" ಎಂದರು. ಕಣ್ಣು ಮುಚ್ಚಿ ಕಾದೆ. ಏನೂ ತಾಗಲಿಲ್ಲ. ಇನ್ನೂ ಕಾದೆ. ಏನೂ ಇಲ್ಲ! "ಎಂತದೂ ಗೊತ್ತಾಗುದಿಲ್ಲ" ಎಂದು ಅಳುತ್ತ ಹೇಳಿದೆ.

"ನಾ ಇನ್ನೂ ಮುಟ್ಟೇ ಇಲ್ಲ" ಎಂದರು ಅವರು. ಮರುಗಳಿಗೆಯಲ್ಲಿ ಕಲೆಯ ನಟ್ಟನಡುವೆ ಸೂಜಿ ಚುಚ್ಚಿತು. "ಅಯ್ಯಯ್ಯೋ ಆಯೀ!" ಎಂದು ನಾನು ಕೂಗಿದ ಕೂಗಿಗೆ ಕೆಳಗಿನ ಅಂಗಡಿಯವರೂ ಬೆಚ್ಚಿರಬೇಕು.

ಪರದೆ ಸರ್ರನೆ ಸರಿಯಿತು. ಮಾದೇವಿಯಮ್ಮ ಒಳಗೇ ನುಗ್ಗಿದ್ದರು. ನನ್ನ ಹರಿದ ತೋಳು, ಕಲೆ ಎಲ್ಲ ಅವರ ಕಣ್ಣೆದುರು. ಮದುವೆ ಮುರಿಯಿತು ಎಂದುಕೊಂಡೆ.

ಮಾದೇವಿಯಮ್ಮ ಕೇಳಿದ್ದೇ ಬೇರೆ. "ಚುಚ್ಚಿದ್ದು ಗೊತ್ತಾತಾ ಮಗಾ? ಸಮಾ ನೋವಾತಾ?"

"ಆತು!"

ಅವರು ಕುರ್ಚಿಯ ಮೇಲೆ ಕುಸಿದು, ಸೀರೆಯ ಅಂಚನ್ನು ಪಾದದ ಗಂಟಿನ ಮೇಲಕ್ಕೆ ಎತ್ತಿದರು. ಅಲ್ಲೂ ಒಂದು ಬಿಳಿಚಿದ ಕಲೆ! "ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗೊತ್ತಾದ್ರೆ ನೀವು ಹೆಣ್ಣು ಕೊಡೂದಿಲ್ಲ ಅಂತ ಹೆದರಿಕೆ. ನನಗೂ ಚುಚ್ಚಿ ಡಾಕ್ಟರೇ" ಎಂದು ಬಿಕ್ಕಿದರು. ಡಾಕ್ಟರರು ಸೂಜಿ ಬದಲಿಸಿ ಚುಚ್ಚಿದರು. ಮಾದೇವಿಯಮ್ಮ ನನಗಿಂತಲೂ ಜೋರಾಗಿ ಕಿರುಚಿದರು. ಆಮೇಲೆ ಇಬ್ಬರು ತಾಯಂದಿರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ಅಳುತ್ತಲೇ ನಕ್ಕರು. ಮಲ್ಲಿಗೆ ದಂಡೆ ನೆಲಕ್ಕೆ ಬಿದ್ದಿತ್ತು.

"ಎರಡೂ ಬರೇ ಚಿಬ್ಬು. ಮುಲಾಮು ಹಚ್ರಿ, ಹೋಗತೈತಿ" ಎಂದರು ಡಾಕ್ಟರರು. ಮತ್ತೆ ದನಿ ತಗ್ಗಿಸಿ, "ಆ ರೋಗ ಇದ್ರೂ ಈಗ ಔಷಧ ಐತ್ರವ್ವಾ. ಮುಚ್ಚಿಡೋದಕ್ಕ ಮಾತ್ರ ನನ್ನ ಹತ್ರ ಔಷಧಿಲ್ಲ" ಎಂದರು. ಮುಲಾಮಿನ ಡಬ್ಬಿಗೆ ಬರೀ ಎಂಟಾಣೆ! ಮರಳುವಾಗ ಲಾಂಚಿನಲ್ಲಿ ನಾನು ಹರಿದ ತೋಳನ್ನು ಗಾಳಿಗೆ ಬಿಟ್ಟು ನಿಂತಿದ್ದೆ. ಆಯಿ ಗದರಲಿಲ್ಲ.

ಆ ಬೇಸಗೆಯಲ್ಲೇ ಮದುವೆಯಾಯಿತು. ಅತ್ತೆ ಇರುವ ತನಕ ಈ ಕಥೆಯನ್ನು ಬಂದವರಿಗೆಲ್ಲ ಕಾಲಿನ ಜಾಗ ತೋರಿಸಿಯೇ ಹೇಳುತ್ತಿದ್ದರು. ಈಗಲೂ ಹೊಲಿಯುವಾಗ ಬೆರಳಿಗೆ ಸೂಜಿ ಚುಚ್ಚಿದರೆ ನನಗೆ ಮೊದಲು ಬರುವುದು ನಗು. ನೋವಾಗುವುದೂ ಒಂದು ಭಾಗ್ಯ ಎಂದು ಅವತ್ತು ತಿಳಿದೆ.

ಒಂದು ಸಂಕಟ ಮಾತ್ರ ಉಳಿದಿತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡುವಂತಾದಾಗ ಆಯಿಗೆ ಹೊಸ ಬುಗುಡಿ ಮಾಡಿಸಲು ಹೊರಟೆ. ಬೇಡವೆಂದಳು. ಒತ್ತಾಯಿಸಿದಾಗ ಬರಿಗಿವಿ ಮುಟ್ಟಿಕೊಂಡು ನಕ್ಕಳು.

"ನೀನು ಅವತ್ತು ಕೂಗಿದ ಕೂಗು ಈ ಕಿವಿಯಲ್ಲೇ ಉಂಟು ಮಗಾ. ನನಗೆ ಅಷ್ಟೇ ಆತು."